ಮಿರಜದಾಗ ಕಂಡಾಂವ

ಜನವರಿ 12, ಸೋಮವಾರ

ಕರಿಹಾಳ. ಶಾಲೆ ಹಿಂದಿನ ಹೊಲ ಮುಗೀತು. ಸವಳು ಅಂದುಕೊಂಡದ್ದಕ್ಕಿಂತ ಜಾಸ್ತಿ. ಕಾಲುವಿ ಬಾಜುಕ್ಕ ಬೆಳೀನೇ ಇಲ್ಲ, ನೆಲದ ಮ್ಯಾಲೆ ಬಿಳಿ ಪುಡಿ.

ಮಷಿನ್ ಸರಿ ನಡೀತು. ಮುಂಜಾನೆ ಸ್ವಲ್ಪ ಹೊತ್ತು ಚಾಲೂ ಇಟ್ಟು ಆಮ್ಯಾಲೆ ನಡೆದರ ಸ್ಕ್ರೀನಿನ ಗೆರೆ ಅಲುಗಾಡೂದಿಲ್ಲ. ಪ್ರಭುಗೆ ತಾಳ್ಮೆ ಇಲ್ಲ. ಡ್ರೈವರ್ ಅಂತ ಬಂದಾಂವ, ಈಗ ಗೂಟ ಹುಗಿಯೂದು, ಹಗ್ಗ ಎಳಿಯೂದು ಎಲ್ಲಾ ಅವನ ಮ್ಯಾಲೇ. ಇವತ್ತು ಕಿಸೆದಾಗ ಕೀಲಿಗೊಂಚಲ ಇಟಗೊಂಡು ಮಷಿನ್ ಬಾಜುಕ್ಕ ನಡೆದ. ಎರಡು ಸಾಲು ಹಾಳು. ಮತ್ತ ನಡೆದೆ.

ಊಟಕ್ಕ ಶಾಲೆಯ ಕಟ್ಟಿ ಮ್ಯಾಲೆ ಕೂತಿದ್ವಿ. ಬಿಸಿಯೂಟ ಮಾಡೂ ಹೆಂಗಸು ನೀರು ತಂದುಕೊಟ್ಟಳು. ಮಲಿಕಾಬಿ ಅಂತ ಹೆಸರು. ಮಷಿನನ್ನೇ ನೋಡ್ತಾ ನಿಂತಳು. ಆಳುದ್ದದ ಹಲಗಿ, ಎರಡೂ ತುದಿಗೆ ಸುರುಳಿ, ಹೆಗಲಿಗೆ ಪಟ್ಟಿ — ಎಲ್ಲಾರೂ ನೋಡ್ತಾರ.

"ಬಾಯಾರ, ಇದು ಬೋರಿನ ನೀರು ನೋಡೂದೇನ್ರಿ?"

"ಅಲ್ಲರೀ. ಮಣ್ಣಾಗ ಉಪ್ಪು ಎಷ್ಟದ ಅಂತ ನೋಡೂದು."

"ಮತ್ತ ಅಂವನ ಕಿಸೆದಾಗಿನ ಕೀಲಿ ಹ್ಯಾಂಗ ಗೊತ್ತಾತ್ರಿ ಇದಕ್ಕ?"

"ಕಬ್ಬಿಣಾನೂ ತಿಳೀತದ."

"ಮಣ್ಣಾಗ ಹುಗದಿದ್ರೂ?"

"ಭಾಳ ಆಳ ಇರಲಿಲ್ಲಂದ್ರ."

ತಂಬಿಗಿ ತಗೊಂಡು ಒಳಗ ಹೋದಳು.

ಅವ್ವನ ಫೋನು, ಕುಂದಗೋಳದಿಂದ. ಉಂಡ್ಯಾ, ಏನುಂಡಿ. ಅಣ್ಣಿಗೇರಿ ಖೋಲಿದಾಗ ಸೊಳ್ಳಿ ಭಾಳ ಅವ ಅಂದೆ. ಬೇರೆ ಹೇಳೂದು ಇರಲಿಲ್ಲ.


ಜನವರಿ 13, ಮಂಗಳವಾರ

ಸಂಜೆ ಜೀಪಿನ ಹತ್ರ ಮಲಿಕಾಬಿ ಕಾಯ್ತಾ ನಿಂತಿದ್ದಳು. ಒಂದು ಮಾತು ಕೇಳೂದೈತ್ರಿ ಅಂದಳು.

ಕೇಳಿದ್ದು ಇದು. ಗಂಡ ಖಾಜಾಸಾಬ. ಮೂರು ಗಾಲಿ ಟಂಟಂ ಹೊಡೀತಿದ್ದ — ಅಣ್ಣಿಗೇರಿ ಸಂತಿ, ನವಲಗುಂದ, ಸುತ್ತಲ ಹಳ್ಳಿ. ಎರಡು ಸಾವಿರದ ಒಂಬತ್ತರಾಗ ಬೆಣ್ಣಿಹಳ್ಳ ದೊಡ್ಡದಾಗಿ ಬಂತಲ್ಲ, ಆವತ್ತು ಹೆರಿಗೆ ಬ್ಯಾನಿ ತಿನ್ನೂ ಹೆಣಮಗಳನ್ನ ನವಲಗುಂದ ದವಾಖಾನಿಗೆ ಬಿಟ್ಟು ಹೊಳ್ಳಿ ಹೊಂಟಿದ್ದ. ಹಳ್ಳದ ಆಚಿ ದಂಡಿಗೆ ಗಾಡಿ ಲೈಟು ಕಂಡದ್ದು ಖರೆ ಅಂತ ನಾಲ್ಕು ಮಂದಿ ಹೇಳಿದ್ರಂತ. ಆಮ್ಯಾಲೆ ಇಲ್ಲ. ಅಂವನೂ ಇಲ್ಲ, ಗಾಡೀನೂ ಇಲ್ಲ. ಮಗಳು ಶಮೀಮ ಆಗ ಮೊಲಿ ಕುಡಿಯೂ ಕೂಸು.

"ಹಳ್ಳದಾಗ ಹೋದಾ ಅಂದ್ವಿ. ದಂಡಿಗೆ ಕುಂತು ಅತ್ತೆ. ಆಮ್ಯಾಲೆ ನಮ್ಮ ಮೈದುನ ಅಸ್ಲಂ ಮಿರಜದ ದರ್ಗಾಕ್ಕ ಹೋಗಿದ್ದಾ. ಅಲ್ಲೆ ಅಂವನ್ನ ಕಣ್ಣಾರೆ ಕಂಡ್ನಂತ್ರಿ. ಇನ್ನೊಬ್ಬಾಕಿ ಕೂಡ. ಗಾಡಿ ಮಾರಿ ಅಲ್ಲೇ ಸಂಸಾರ ಹೂಡ್ಯಾನ. ನೆರಿ ಬಂದದ್ದು ಅಂವಗ ಛಲೋನೇ ಆತು."

ಅಳು ಇಲ್ಲ, ಏನಿಲ್ಲ. ಅಂಗಡಿ ಸಾಮಾನು ಹೇಳಿದಂಗ ಹೇಳಿದಳು.

"ಹಂಗಾದ್ರ ನಾ ಏನು ಹುಡುಕಬೇಕ್ರಿ?"

"ಇಲ್ಲಾ ಅಂತ ಹೇಳ್ರಿ, ಸಾಕು. ಮಗಳು ಈಗ ಕಾಲೇಜಿಗೆ ಹೋಗ್ತಾಳ. ಓಡಿಹೋದಾಂವನ ಮಗಳು ಅಂತ ಯಾರೋ ಅಂದಾರ. ನಮ್ಮಪ್ಪ ಓಡಿಹೋಗಿಲ್ಲ, ಹಳ್ಳದಾಗ ಅದಾನ ಅಂತ ನನ್ನ ಕೂಡ ಜಗಳಾ ತಗೀತಾಳ. ಮಷಿನ್ ಹಚ್ಚಿ ನೋಡಿದ್ವಿ, ಗಾಡಿ ಇಲ್ಲ ಅಂದ್ರ ಬಾಯಿ ಮುಚ್ಚಿ ಓದಕೋತ ಕುಂದರ್ತಾಳ."

ಆಗೂದಿಲ್ಲ ಅಂದೆ. ಮಷಿನ್ ಕಂಪನಿದು, ನಾವು ಬಂದದ್ದು ಸವಳು ಅಳೀಲಿಕ್ಕೆ. ತಲಿ ಆಡಿಸಿ ಹೋದಳು.

ಜೀಪಿನಾಗ ಪ್ರಭು ಅಣ್ಣಿಗೇರಿ ತನಕ ಮಾತಾಡಲಿಲ್ಲ. ಅದು ಅವನ ಬೈಗಳ.


ಜನವರಿ 15, ಗುರುವಾರ

ಹುಬ್ಬಳ್ಳಿ ಆಫೀಸಿಗೆ ಫೋನ್ ಮಾಡಿದೆ. ಶಿಶಿರ್ ಸರ್‌ಗೆ ಲೆಕ್ಕ ಹೇಳಿದೆ, ಮಲಿಕಾಬಿ ಕೇಳಿದ್ದೂ ಹೇಳಿದೆ. ನಕ್ಕರು. "ರವಿವಾರ ನಿಮ್ಮದು. ಮಷಿನ್‌ಗೆ ಏನಾರ ಆದ್ರ ಅದೂ ನಿಮ್ಮದು."

ಒಂದು ರವಿವಾರ. ಅಷ್ಟೇ.

ಯಾಕೆ ಒಪ್ಪಿದೆ ಗೊತ್ತಿಲ್ಲ. ಇಲ್ಲ ಅಂತ ತೋರಿಸೂದು ಸುಲಭ ಅನ್ನಿಸಿತು... ಅದೇ ಇರಬೇಕು.


ಜನವರಿ 18, ರವಿವಾರ

ಹಳೇ ಸಣ್ಣ ಬ್ರಿಜ್ಜಿನ ಹತ್ರ. ಬ್ರಿಜ್ಜು ಈಗಿಲ್ಲ, ಆ ನೆರಿಯೊಳಗೇ ಹೋತಂತ. ಕಲ್ಲಿನ ಒಂದು ಕಂಬ ಉಳದದ. ಅಲ್ಲಿಂದ ಕೆಳಗ, ದಂಡಿ ಗುಂಟ ಸಾಲು ಹಾಕಿದೆ. ಜಾಲಿ ಕಂಟಿ ಕಡಿಯೂದ್ರಾಗೇ ಅರ್ಧ ದಿನ ಹೋತು.

ತಾಯಿ ಮಗಳು ಇಬ್ಬರೂ ಬಂದಿದ್ರು. ಶಮೀಮ ತೆಳ್ಳಗ, ಎತ್ತರ, ಕನ್ನಡಕ. ನನ್ನ ಕೂಡ ಇಂಗ್ಲಿಷಿನಾಗ ಮಾತಾಡಲಿಕ್ಕೆ ನೋಡಿದಳು, ಆಮ್ಯಾಲೆ ಬಿಟ್ಟಳು. ಮಷಿನಿನ ಹತ್ರ ಬರೂದಾದ್ರ ಕಬ್ಬಿಣ, ಬೆಳ್ಳಿ, ಫೋನು ಏನೂ ಇರಬಾರದು ಅಂದೆ. ಮಲಿಕಾಬಿ ಕೈ ಮುಂದ ಮಾಡಿದಳು.

"ಬಳಿ?"

"ಗಾಜಿನವು ನಡೀತಾವ್ರಿ."

"ಮಂದಿ ಕೇಳ್ತಾರ, ಇನ್ನೂ ಯಾಕ ಹಾಕ್ಕೋತಿ ಅಂತ. ಓಡಿಹೋಗ್ಯಾನ, ಸತ್ತಿಲ್ಲಲ್ಲ ಅಂತೀನ್ರಿ."

ಶಮೀಮ ಬ್ಯಾರೆ ಕಡೆ ನೋಡಿದಳು. ಆಮ್ಯಾಲೆ ನನ್ನ ಬಾಜುಕ್ಕ ಬಂದು ಸ್ಕ್ರೀನ್ ನೋಡ್ತಾ ಕೇಳಿದಳು — ಉಪ್ಪು ಯಾವುದು, ಕಬ್ಬಿಣ ಯಾವುದು, ಹ್ಯಾಂಗ ತಿಳೀತದ? ಹೇಳಿದೆ. ಇದು ಒಮ್ಮೆಲೇ ಐದು ಫ್ರೀಕ್ವೆನ್ಸಿ ನೆಲಕ್ಕ ಬಿಡ್ತದ. ನೆಲದಿಂದ ಹೊಳ್ಳಿ ಬಂದದ್ದನ್ನ ಕೇಳಿಸ್ಕೋತದ. ದೊಡ್ಡ ಫ್ರೀಕ್ವೆನ್ಸಿ ಮ್ಯಾಲಿನ ಮಣ್ಣಿನ ಸುದ್ದಿ ತರ್ತದ, ಸಣ್ಣದು ಆಳದ್ದು. ಉಪ್ಪಾದ್ರ ಗೆರೆ ಎಲ್ಲಾ ಒಂದೇ ಕಡೆ ಮೆಲ್ಲಕ ಏರ್ತಾವ. ಕಬ್ಬಿಣಾದ್ರ ಹಂಗಲ್ಲ. ಸಣ್ಣ ಫ್ರೀಕ್ವೆನ್ಸಿ ಗೆರೆ ಕೆಳಗ ಎಳೀತದ, ದೊಡ್ಡದರದು ಮ್ಯಾಲೆ.

"ಒಂದೇ ಫ್ರೀಕ್ವೆನ್ಸಿ ಇದ್ದಿದ್ರ?"

"ಉಪ್ಪಿಗೂ ಕಬ್ಬಿಣಕ್ಕೂ ಗೊಂದಲ ಆಗ್ತಿತ್ತು."

ಮೂರರ ಸುಮಾರು, ಕಂಬದಿಂದ ಸ್ವಲ್ಪ ಕೆಳಗ, ಗೆರೆ ಬಿಚ್ಚಿಕೊಂಡವು, ಒಂದು ಕೆಳಗ, ಒಂದು ಮ್ಯಾಲೆ. ಹೊಳ್ಳಿ ನಡೆದೆ. ಮತ್ತ ಅದೇ. ಉದ್ದನ್ನ ವಸ್ತು, ಭಾಳ ಆಳ ಇಲ್ಲ.

"ಕಬ್ಬಿಣ ಅದ. ಏನಂತ ಹೇಳಲಿಕ್ಕೆ ಬರೂದಿಲ್ಲ," ಅಂದೆ.

ಮಲಿಕಾಬಿ ಆ ಜಾಗಾಕ್ಕ ಒಂದು ಕಲ್ಲು ತಂದಿಟ್ಟಳು.


ಜನವರಿ 19, ಸೋಮವಾರ

ಊರ ಮಂದಿ ಅಗದರು. ಹಳೇ ಬ್ರಿಜ್ಜಿನ ಕಟಕಟಿ. ಕಬ್ಬಿಣದ ಪೈಪು, ಡೊಂಕಾಗಿ, ಜಂಗ ಹಿಡಿದು.

ನಾ ಕೆಲಸದ ಮ್ಯಾಲೆ ಇದ್ದೆ, ಪ್ರಭು ಹೋಗಿ ನೋಡಿ ಬಂದು ಹೇಳಿದ. ಶಮೀಮ ಗುಂಡಿಯೊಳಗ ಇಳಿದು ಕೈಲೆ ಕೆದರಿದಳಂತ. ತಾಯಿ ಆಕೀನ ರಟ್ಟಿ ಹಿಡಿದು ಎಬ್ಬಿಸಿ "ಆತಿಲ್ಲೋ ಈಗ? ನಡಿ ಮನಿಗೆ" ಅಂದಳಂತ.

ಮುಗೀತು. ಮಷಿನ್ ತಪ್ಪು ಹೇಳಲಿಲ್ಲ. ನಾನೂ ತಪ್ಪು ಹೇಳಲಿಲ್ಲ.


ಜನವರಿ 22, ಗುರುವಾರ

ಮುಂದಿನ ಹೊಲ ಹೊಳೆಪ್ಪ ಅನ್ನೋರದು. ಕಡ್ಲಿ ಇನ್ನೂ ನಿಂತದ. ಕಿತ್ತ ಮ್ಯಾಲೆ ಬರ್ರಿ ಅಂದರು. ಬದುವಿನ ಮ್ಯಾಲೆ ಕೂಡಿಸಿ ಹಸಿ ಕಡ್ಲಿ ಸುಲಿದು ಕೊಟ್ಟರು.

"ಕಾಕಾ, ಈ ಕೆಳಗಿನ ಪಟ್ಟಿದಾಗ ಸವಳೇ ಇಲ್ಲಲ್ಲ, ಬೆಳಿ ಛಲೋ ಬಂದದ."

"ಅದು ಹಳ್ಳದ ಹೂಳು ತಂಗಿ. ಮೊದಲ ಹಳ್ಳ ಇಲ್ಲೇ ಹರೀತಿತ್ತು. ಆ ದೊಡ್ಡ ನೆರಿ ಆತಲ್ಲ, ಆಮ್ಯಾಲೆ ಅತ್ತಾಗ ಸರೀತು. ನನಗ ದೇವರು ಕೊಟ್ಟ ಹೊಲ ಇದು."

ಖೋಲಿಗೆ ಬಂದು ಹಳೇ ಸ್ಯಾಟಲೈಟ್ ಚಿತ್ರ ತಗದೆ. ಖರೆ. ನೆರಿಗೆ ಮುಂಚೆ ಹಳ್ಳ ಬ್ರಿಜ್ಜು ದಾಟಿದ ಮ್ಯಾಲೆ ಎಡಕ್ಕ ಹೊಳ್ಳಿ, ಕುಡಗೋಲಿನಂಗ ಬಾಗಿ, ಹೊಳೆಪ್ಪನವರ ಕೆಳಗಿನ ಪಟ್ಟಿಯೊಳಗ ಹಾದು ಹೋಗ್ಯದ. ನಾ ರವಿವಾರ ನಡೆದ ದಂಡಿ ಆವಾಗ ದಂಡೀನೇ ಅಲ್ಲ. ಅಲ್ಲಿ ಬರೇ ಹೊಲ.

ನೀರು ಭಾರದ ವಸ್ತು ಎಳಕೊಂಡು ಹೋದ್ರ ಹೊಳ್ಳೂ ಜಾಗಾದಾಗ ಬಿಡ್ತದ.

ಯಾರಿಗೂ ಹೇಳಿಲ್ಲ. ಹೆಂಗಿದ್ರೂ ಆ ಹೊಲ ನಮ್ಮ ಕೆಲಸದಾಗೇ ಅದ. ನಡೆಯೂದಂತೂ ನಡೀಬೇಕು.


ಜನವರಿ 25, ರವಿವಾರ

ಅಸ್ಲಂ ಬಂದಿದ್ದ. ಖಾಜಾಸಾಬನ ತಮ್ಮ. ಅಣ್ಣಿಗೇರಿ ಬಸ್ ಸ್ಟ್ಯಾಂಡ್ ಬಾಜುಕ್ಕ ವೆಲ್ಡಿಂಗ್ ಅಂಗಡಿ. ಮನಿ ಮಾಲಕರ ಕಟ್ಟಿ ಮ್ಯಾಲೆ ಕೂತ, ಚಹಾ ಬ್ಯಾಡ ಅಂದ. ಗಡ್ಡ ಅರ್ಧ ಬೆಳ್ಳಗ.

"ಮೇಡಮ್ಮಾರ, ಹೊಳೆಪ್ಪ ಕಾಕಾನ ಹೊಲಾನೂ ನೋಡ್ತೀರೇನ್ರಿ?"

"ನೋಡೂದದ. ಸವಳಿಗೆ."

"ಅಲ್ಲೆ ಏನಾರ ಕಂಡ್ರ... ಇಲ್ಲಾ ಅನ್ರಿ."

ಯಾಕಂತ ಕೇಳಿದೆ. ಅಂಗೈ ತಿಕ್ಕಿಕೊಂಡ. ಆಮ್ಯಾಲೆ ಹೇಳಿದ. ಅಂವ ಹೇಳಿದಂಗೇ ಬರೀತೇನಿ.

"ಮಿರಜದಾಗ ನಾ ಯಾರನ್ನೂ ಕಂಡಿಲ್ರಿ. ಭಾಬಿ ದಿನಾ ಹಳ್ಳದ ದಂಡಿಗೆ ಹೋಗಿ ಕುಂದರ್ತಿದ್ದಳು. ಅನ್ನ ಬಿಟ್ಟಳು. ಎದಿಹಾಲು ಬತ್ತಿ ಹೋತು, ಕೂಸು ಅತ್ತರ ತಿರುಗಿ ನೋಡ್ತಿದ್ದಿಲ್ಲ. ಒಂದಿನ ನೀರಿಗೆ ಇಳಿದಳು. ನಾನೇ ಎಳಕೊಂಡ ಬಂದೆ. ಅವತ್ತೇ ತಲ್ಯಾಗ ಬಂತು. ದುಃಖದಾಗ ಇದ್ರ ಸಾಯ್ತಾಳ, ಸಿಟ್ಟಿನಾಗ ಇದ್ರ ಬದುಕ್ತಾಳ ಅಂತ. ಮಿರಜಕ್ಕ ಹೋಗಿ ಬಂದು ಸುಳ್ಳ ಹೇಳಿದೆ. ಮೂರು ದಿನ ಅಣ್ಣನ್ನ ಬೈದಳು. ನಾಕನೇ ದಿನ ಎದ್ದು ರೊಟ್ಟಿ ಮಾಡಿದಳು."

"ಆಮ್ಯಾಲೆ ಖರೆ ಹೇಳಬಹುದಿತ್ತಲ್ಲ."

"ಇವತ್ತು ಹೇಳ್ತೀನಿ, ನಾಳೆ ಹೇಳ್ತೀನಿ ಅನ್ನೂದ್ರಾಗ ಊರೆಲ್ಲಾ ಹಬ್ಬಿತ್ರಿ. ಈಗ ಗಾಡಿ ಸಿಕ್ಕರ — ನನ್ನ ಬಿಡ್ರಿ, ಆಕಿ ಇಷ್ಟ ವರ್ಷ ಅಂವಗ ಹಾಕಿದ ಶಾಪ ಎಲ್ಲಾ ಆಕಿ ತಲಿ ಮ್ಯಾಲೇ ಬೀಳತಾವು. ಅದನ್ನ ಹೊತಗೋತಾಳೇನ್ರಿ?"

ಮಷಿನ್ ಏನು ತೋರಿಸ್ತದೋ ಅದನ್ನ ಬರೀತೇನಿ ಅಂದೆ. ಸಲಾಂ ಮಾಡಿ ಹೋದ.

ಅವ್ವಗ ಫೋನಿನಾಗ ಸ್ವಲ್ಪ ಹೇಳಿದೆ. "ಮಂದಿ ಮನಿ ಉಸಾಬರಿ ನಿನಗ್ಯಾಕ ವೃಂದಾ? ಉಪ್ಪು ನೋಡಲಿಕ್ಕೆ ಹೋಗೀದಿ, ಉಪ್ಪು ನೋಡಿ ಬಾ."


ಫೆಬ್ರುವರಿ 9, ಸೋಮವಾರ

ಹೊಳೆಪ್ಪನವರ ಹೊಲ. ಕಡ್ಲಿ ಕಿತ್ತು ಬಣವಿ ಹಾಕ್ಯಾರ. ನೆಲ ಬಿರುಕು ಬಿಟ್ಟದ, ಕಾಲು ಸಿಗತಾವ.

ಮ್ಯಾಲಿನ ಪಟ್ಟಿ ಸವಳು. ಕೆಳಗಿನ ಪಟ್ಟಿ ಹೂಳು, ಗೆರೆ ಸಪಾಟ. ಮೊದಲ ಹಳ್ಳ ಹೊಳ್ಳತಿದ್ದ ಬಾಗಿನ ಒಳಮೂಲಿಗೆ ಬಂದಾಗ ಗೆರೆ ಬಿಚ್ಚಿಕೊಂಡವು.

ಸುತ್ತಲೂ ಒತ್ತಾಗಿ ಸಾಲು ಹಾಕಿದೆ. ಅಡ್ಡ ನಡೆದೆ, ಉದ್ದ ನಡೆದೆ. ಸಣ್ಣ ಫ್ರೀಕ್ವೆನ್ಸಿದಾಗ ಜೋರು, ಎಲ್ಲಾಕ್ಕಿಂತ ದೊಡ್ಡದರಾಗ ಬರೇ ನೆರಳು. ಅಂದ್ರ ಮ್ಯಾಲಿಲ್ಲ, ಆಳದಾಗ ಅದ. ಆಳೆತ್ತರ, ಇಲ್ಲಾ ಅದಕ್ಕೂ ಸ್ವಲ್ಪ ಹೆಚ್ಚು. ಪೈಪಿನಂಗ ಉದ್ದ ಇಲ್ಲ. ಗಿಡ್ಡ, ದಪ್ಪ. ಒಂದು ಮೂರು ಗಾಲಿ ಗಾಡಿ ಎಷ್ಟಿರ್ತದೋ ಅಷ್ಟು.

ಪ್ರಭು ಸ್ಕ್ರೀನ್ ನೋಡಿದ. ನನ್ನ ನೋಡಿದ.

"ಮೇಡಂ?"

"ಮುಂದಿನ ಸಾಲು," ಅಂದೆ.


ಫೆಬ್ರುವರಿ 10, ಮಂಗಳವಾರ

ಏನಿಲ್ಲ. ವರದಿ ಬರ್ದೆ. ಸವಳಿನ ನಕಾಶಿ ಬಣ್ಣ ಹಾಕಿದೆ.


ಫೆಬ್ರುವರಿ 14, ಶನಿವಾರ

ಮೂರು ದಿನ ಬರೀಲಿಲ್ಲ. ಕೆಲಸ ಇತ್ತು. ಕೆಲಸ ಇದ್ದದ್ದಕ್ಕೇ ಬರೀಲಿಲ್ಲ ಅಂದ್ರ ಸುಳ್ಳು.

ಇವತ್ತು ಶಾಲೆಗೆ ಹೋಗಿದ್ದೆ, ಮೂಲಿಗೆ ಹುಗದ ಗೂಟ ತರಲಿಕ್ಕೆ. ಮಲಿಕಾಬಿ ದೊಡ್ಡ ಪಾತ್ರಿ ತಿಕ್ಕತಿದ್ದಳು. ಮಗಳು ಆರಾಮೇನ್ರಿ ಅಂದೆ.

"ಮಾತು ಬಿಟ್ಟಾಳ್ರಿ ನನ್ನ ಕೂಡ. ನಿನ್ನಪ್ಪ ಮಿರಜದಾಗ ಮಟನ್ ತಿನಕೋತ ಸುಖಾ ಅದಾನ, ನಿನ್ನ ಹೆಸರೂ ನೆನಪಿಲ್ಲ ಅಂವಗ ಅಂದೆ. ಅಂದದ್ದು ತಪ್ಪೇನ್ರಿ? ಕಣ್ಣಾರೆ ಕಂಡಾಂವ ನಮ್ಮ ಮೈದುನನೇ ಅದಾನ."

ಗೂಟ ಕಿತ್ತೆ. ಜೀಪಿನ ತನಕ ಬಂದೆ. ಹೊಳ್ಳಿ ಹೋದೆ.

"ಮಲಿಕಾಬಿಯವರ, ಹೊಳೆಪ್ಪನವರ ಹೊಲದಾಗ ಕಬ್ಬಿಣ ಅದ. ಹಳ್ಳ ಮೊದಲ ಅಲ್ಲೇ ಹರೀತಿತ್ತು. ಗಾಡಿಯಷ್ಟು ದೊಡ್ಡದು. ಗಾಡೀನೇ ಅಂತ ನಾ ಹೇಳೂದಿಲ್ಲ."

ಪಾತ್ರಿ ಕೆಳಗ ಇಟ್ಟಳು. ಕೈಗೆ ಬೂದಿ ಹತ್ತಿತ್ತು. ಒರಸಿಕೊಳ್ಳಲಿಲ್ಲ.

"ಮತ್ತ ಕಟಕಟಿ ಇರಬಹುದಲ್ಲರೀ."

"ಇರಬಹುದು."

"ಹೌದಲ್ಲ. ಇರಬಹುದು," ಅಂದಳು. ಎರಡು ಸಲ ಅಂದಳು.

ಅಸ್ಲಂನ ಮಾತು ನಾ ಎತ್ತಲಿಲ್ಲ. ಅದು ಅಂವನದು. ಅಂಗಡಿಗೆ ಹೋಗಿ ಅಂವಗ ಇಷ್ಟೇ ಹೇಳಿದೆ: ಗೆರೆ ಬಂದದ, ಭಾಬಿಗೆ ಹೇಳೀನಿ, ಅಗಿಯೂಕಿಂತ ಮೊದಲ ನೀವು ಹೇಳಿಬಿಡ್ರಿ. ಮುಖಕ್ಕ ಕಟ್ಟಿದ ಕರೀ ಕನ್ನಡಿ ತಗೀಲಿಲ್ಲ. ಕಿಡಿ ಹಾರಿಸ್ಕೋತ ಇದ್ದ.


ಫೆಬ್ರುವರಿ 17, ಮಂಗಳವಾರ

ಹೊಳೆಪ್ಪನವರು ಒಂದು ಮಾತೂ ಎದುರಾಡಲಿಲ್ಲ. "ಹೊಲ ಎಲ್ಲಿ ಹೋಗ್ತದ, ಅಗೀರಿ," ಅಂದರು. ಪೊಲೀಸರಿಗೆ ಅವರೇ ತಿಳಿಸಿದರು. ಜೆಸಿಬಿ ಮುಂಜಾನೆ ಬಂತು. ಇಬ್ಬರು ಪೊಲೀಸರು, ಪಂಚಾಯ್ತಿಯವರು, ಊರ ಮಂದಿ ಬದುವಿನ ತುಂಬ. ನಾ ಮೂಲಿಗೆ ಸುಣ್ಣದ ಗೆರೆ ಹಾಕಿಕೊಟ್ಟು ದೂರ ನಿಂತೆ. ಇನ್ನು ನನ್ನ ಕೆಲಸ ಇರಲಿಲ್ಲ.

ಮೊದಲ ಕರಿಮಣ್ಣು. ಆಮ್ಯಾಲೆ ಸಣ್ಣ ಉಸುಕು. ಆಮ್ಯಾಲೆ ಹಸಿ ಜೇಡಿ, ನಾತ. ಜೆಸಿಬಿ ಹಲ್ಲಿಗೆ ಏನೋ ತಾಗಿ ಕಿರ್ರ್ ಅಂತು. ನಿಲ್ಲಿಸಿ ಮಂದಿ ಇಳಿದರು, ಸಲಿಕಿಲೆ ಬಿಡಿಸಿದರು.

ಟಂಟಂ. ಬಾಜುಕ್ಕ ಮಲಗಿತ್ತು. ಟಪ್ಪಿನ ತಗಡು ಹರಿದಿತ್ತು. ನೀರು ಹೊಡೆದು ತೊಳೆದಾಗ ಮುಂದಿನ ಗಾಜಿನ ಮ್ಯಾಲಿನ ಪಟ್ಟಿಯೊಳಗ ಕೆಂಪು ಅಕ್ಷರ. "ಶಮೀಮ". ಮಗಳು ಹುಟ್ಟಿದ ಮ್ಯಾಲೆ ಬರೆಸಿದ್ದನಂತ.

ಹುಡುಗಿ ಓದಿದಳು. ಚೀರಲಿಲ್ಲ. ಅಲ್ಲೇ ಮಣ್ಣಿನ ಗುಂಪಿ ಮ್ಯಾಲೆ ಕೂತುಬಿಟ್ಟಳು.

ಒಳಗ ಹೂಳು ಗಟ್ಟಿಯಾಗಿ ತುಂಬಿತ್ತು. ಪೊಲೀಸರು ಮಂದೀನ ಹಿಂದ ಸರಿಸಿದರು. ಹ್ಯಾಂಡಲ್ ಮತ್ತು ಸೀಟಿನ ನಡುವೆ ಎಲುಬು ಸಿಕ್ಕವು. ಅಂಗಿ ಗುಂಡಿ ಸಿಕ್ಕವು. ಇಷ್ಟು ಸಾಕು, ಹೆಚ್ಚು ಬರಿಯೂದಿಲ್ಲ.

ಮಲಿಕಾಬಿ ಗುಂಡಿಯ ಅಂಚಿಗೆ ನಿಂತಿದ್ದಳು. ಭಾಳ ಹೊತ್ತು ಕೆಳಗ ನೋಡಿದಳು. ಆಮ್ಯಾಲೆ ತಲಿ ಎತ್ತಿ ಮಂದಿಯೊಳಗ ಹುಡುಕಿದಳು. ಅಸ್ಲಂ ಬದುವಿನ ತುದಿಗಿದ್ದ. ಸಿಕ್ಕ.

"ಅಸ್ಲಂ. ಮಿರಜದಾಗ ಕಂಡಾಂವ ಯಾರಲೇ?"

ಜೆಸಿಬಿ ಬಂದ್ ಆಗಿತ್ತು.

"ಯಾರನ್ನ ಕಂಡಿ?"

"ಭಾಬಿ..."

"ಯಾರನ್ನ ಕಂಡಿ ಅಂತ ಕೇಳಾಕತ್ತೀನಿ."

"ಯಾರನ್ನೂ ಇಲ್ಲ," ಅಂದ ಅಸ್ಲಂ. ದನಿ ನನ್ನ ತನಕ ಬರಲಿಲ್ಲ. ತುಟಿ ನೋಡಿ ತಿಳೀತು.

ಆಕಿ ಹೊಡೀಲಿಲ್ಲ, ಬಯ್ಯಲಿಲ್ಲ. ಅಂವನ ಬಾಜುಕ್ಕ ಹಾದು, ಮಗಳನ್ನ ಎಬ್ಬಿಸಿಕೊಂಡು, ಹೊಲ ದಾಟಿ ಊರ ಕಡೆ ನಡೆದಳು.

ಪ್ರಭು ಜೀಪಿನ ಹಿಂದ ಹೋಗಿ ಮುಖ ತೊಳಕೊಂಡ. ನಾ ಮಷಿನನ್ನ ಪೆಟ್ಟಿಗೀಗೆ ಹಾಕಿದೆ.


ಫೆಬ್ರುವರಿ 26, ಗುರುವಾರ

ಕೆಲಸ ನವಲಗುಂದದ ಆಚಿ ಕಡೆ. ಬಿಸಿಲು ಶುರು. ಶಿಶಿರ್ ಸರ್ ಪೇಪರಿನಾಗ ನೋಡಿ ಫೋನ್ ಮಾಡಿದರು. ಕಂಪನಿ ಹೆಸರು ಬಂದಿಲ್ಲಲ್ಲ ಅಂತ ಕೇಳಿದರು. ಬಂದಿಲ್ಲ ಅಂದೆ. ಛಲೋ ಆತು ಅಂದರು.

ಎಲುಬು ಪರೀಕ್ಷಾಕ್ಕ ಹೋಗ್ಯಾವಂತ. ಶಮೀಮನ ರಕ್ತಾನೂ ತಗೊಂಡಾರ. ರಿಪೋರ್ಟ್ ಬರೂ ತನಕ ಮಣ್ಣು ಮಾಡಾಕ ಬರೂದಿಲ್ಲ. ರಂಜಾನಿನ ರೋಜಾ ನಡದಾವ. ಸಂಜೀಕ ಅಸ್ಲಂನ ಹೆಂಡತಿ ಊಟ ತಗೊಂಡು ಹೋದ್ರ ಮಲಿಕಾಬಿ ಬಾಗಿಲ ತಗೀತಾಳ, ತಾಟು ಇಸಕೋತಾಳ. ಅಸ್ಲಂ ಹೋದ್ರ ತಗಿಯೂದಿಲ್ಲ. ಪ್ರಭು ಸುದ್ದಿ ತರ್ತಾನ. ನಾ ಕೇಳೂದಿಲ್ಲ, ಅಂವ ಹೇಳ್ತಾನ.


ಮಾರ್ಚ್ 22, ರವಿವಾರ

ಕುಂದಗೋಳಕ್ಕ ಹೋಗಿ ಬಂದೆ. ಅವ್ವ ಹಬ್ಬದ್ದು ಹೋಳಿಗಿ ಉಳಿಸಿ ಇಟ್ಟಿದ್ದಳು. ಎಲ್ಲಾ ಹೇಳು ಅಂದಳು, ಎಲ್ಲಾ ಹೇಳಿದೆ.

"ಅಸ್ಲಂ ಮಾಡಿದ್ದು ತಪ್ಪಂತೀಯೇನವ್ವ?"

"ಆಕಿ ಬದುಕ್ಯಾಳಲ್ಲ."

"ಹಂಗಾದ್ರ ಸರಿ?"

"ಸತ್ತಾಂವ ಸುದ್ದ ಒಬ್ಬ ಮನಷ್ಯಾ ಇದ್ದಾ ಅಲ್ಲೇನ? ಅಂವನ ಹೆಸರು ಕೆಡಿಸಿ ಇವರನ್ನ ಉಳಿಸಿದಾ. ಅಂವನ್ನ ಯಾರು ಕೇಳಿದರು?"

ಹೋಳಿಗಿ ತಿಂದೆ. ಅವ್ವ ಇಂಥಾ ಮಾತು ಆಡ್ತಾಳಂತ ನನಗ ಗೊತ್ತಿರಲಿಲ್ಲ.


ಏಪ್ರಿಲ್ 7, ಮಂಗಳವಾರ

ರಿಪೋರ್ಟ್ ಬಂತು. ಅಂವನೇ.

ಮಧ್ಯಾಹ್ನ ಮಣ್ಣು ಮಾಡಿದರು. ಖಬರಸ್ತಾನದ ಗ್ವಾಡಿ ಹೊರಗ ಹೆಂಗಸರ ಕೂಡ ನಿಂತೆ. ಅಷ್ಟು ಸಣ್ಣ ಗಂಟು, ಅಷ್ಟೊಂದು ಮಂದಿ. ಹೊಳೆಪ್ಪನವರು ಬಂದಿದ್ದರು. ಅವತ್ತು ಅಂವನ ಗಾಡಿಯೊಳಗ ದವಾಖಾನಿಗೆ ಹೋದ ಹೆಣಮಗಳು ಅನ್ನವ್ವ, ತನ್ನ ಎತ್ತರದ ಮಗನ್ನ ಕರಕೊಂಡು ಬಂದಿದ್ದಳು. ಆ ಮಗ ಅವತ್ತೇ ಹುಟ್ಟಿದ್ದು. ಓಡಿಹೋದಾಂವನ ಗಾಡಿ ಅಂತ ಆಕಿನೂ ಇಷ್ಟು ವರ್ಷ ಮಗನ ಮುಂದ ಬಾಯಿ ಬಿಟ್ಟಿರಲಿಲ್ಲಂತ.

ಅಸ್ಲಂ ಹೆಗಲು ಕೊಟ್ಟ. ಮಲಿಕಾಬಿ ತಡೀಲಿಲ್ಲ. ಅಂವನ ಕಡೆ ನೋಡಲೂ ಇಲ್ಲ.


ಏಪ್ರಿಲ್ 9, ಗುರುವಾರ

ಕರಿಹಾಳದಾಗ ಎರಡು ಹೊಲ ಮತ್ತ ಅಳೀಬೇಕು ಅಂತ ಆಫೀಸಿನಿಂದ ಹೇಳ್ಯಾರ. ಗೂಟ ಹುಗಿಯೂ ಹೊತ್ತಿಗೆ ಮಲಿಕಾಬಿ ಬಂದಳು. ಬದುವಿನ ಮ್ಯಾಲೆ ಕೂತಳು. ನಾನೂ ಕೂತೆ.

"ಬಾಯಾರ, ನಾ ಅಂವಗ ಏನೇನು ಅಂದೀನಿ ಗೊತ್ತೇನ್ರಿ? ಹುಳ ಬಿದ್ದು ಸಾಯಲಿ ಅಂದೀನಿ. ಅಂವ ಇಲ್ಲೇ ಇದ್ದಾ. ನಾ ಕಡ್ಲಿ ಕೀಳಾಕ ಹೊಳೆಪ್ಪ ಕಾಕಾನ ಹೊಲಕ್ಕ ಹೋಗೀನಿ. ಅಂವನ ಮ್ಯಾಲೇ ಕುಂತು ಬುತ್ತಿ ಉಂಡೀನಿ."

ನಾ ಹುಡುಕಬಾರದಿತ್ತೇನ್ರಿ ಅಂತ ಕೇಳಿದೆ. ಇಷ್ಟು ದಿನ ಕೇಳಬೇಕಂತ ಇದ್ದದ್ದು ಇದು.

"ಏ, ಏನ್ ಮಾತ್ರಿ. ಅಂವ ಓಡಿಹೋಗಿಲ್ಲ. ಮನಿಗೆ ಬರಾಕತ್ತಿದ್ದಾ." ಸೆರಗಿಲೆ ಮೂಗು ಒರಸಿಕೊಂಡಳು. "ಮನಿಗೇ ಬರಾಕತ್ತಿದ್ದಾ."

ಆಮ್ಯಾಲೆ ಅಸ್ಲಂನ ಮಾತು ತಾನೇ ತಗದಳು. ನಿನ್ನೆ ಬಾಗಿಲ ತಗದಳಂತ. ಅಂವ ಕಾಲಿಗೆ ಬಿದ್ದನಂತ.

"ಏಳ್ ಅಂದೆ. ನೀ ಸುಳ್ಳ ಹೇಳಲಿಲ್ಲಂದ್ರ ನಾ ಹಳ್ಳಕ್ಕ ಬೀಳತಿದ್ದೆ, ಕೂಸು ಸಾಯ್ತಿತ್ತು. ಅದು ಖರೆ. ಅದಕ್ಕ ನಿನ್ನ ಹೊರಗ ಹಾಕೂದಿಲ್ಲ ಅಂದೆ. ಆದ್ರ ನನಗ ಹೇಳಿದ್ದು ಮನ್ಯಾಗ, ಹಬ್ಬಿದ್ದು ಊರಾಗ. ನನ್ನ ಮುಂದ ಅತ್ತರ ಏನಾತು? ಶುಕ್ರವಾರ ನಮಾಜ ಮುಗಿದ ಮ್ಯಾಲೆ ಮಸೂತಿ ಮೈಕಿನ್ಯಾಗ ಹೇಳು ಅಂದೆ. ಕನ್ನಡದಾಗ ಹೇಳು. ಎಲ್ಲಾ ಓಣಿಗೂ ತಿಳೀಬೇಕು."

"ಒಪ್ಪಿದರೇನು?"

"ಮಾರಿ ಬಿಳುಪೇರಿತ್ರಿ. ಬಸ್ ಸ್ಟ್ಯಾಂಡಿನಾಗ ಅಂಗಡಿ ಹಾಕ್ಯಾನ, ನಾಕ ಮಂದಿ ನಂಬಿ ಬರ್ತಾರ. ಸುಳ್ಳಾ ಅನಿಸ್ಕೋಬೇಕಲ್ಲ. ಏನೂ ಅನ್ನದ ಎದ್ದು ಹೋದಾ. ಜಮಾತಿನ ಹಿರೇರಿಗೆ ನಾನೇ ಹೇಳಿ ಬಂದೀನಿ, ಮೈಕ ಕೊಡ್ತಾರಂತ. ಅಂವ ಬರ್ತಾನೋ ಇಲ್ಲೋ ಅಲ್ಲಾನೇ ಬಲ್ಲ."

ಎದ್ದಳು, ಸೀರಿ ಝಾಡಿಸಿದಳು. ಶಾಲೆಗೆ ಹೊತ್ತಾತು ಅಂದಳು.


ಏಪ್ರಿಲ್ 10, ಶುಕ್ರವಾರ

ಕರಿಹಾಳ. ಕಾಲುವಿ ಬಾಜುಕ್ಕಿನ ಹೊಲ. ಬಿಸಿಲು ಜೋರು, ಮಷಿನ್ ಕಾದು ಗೆರೆ ಸ್ವಲ್ಪ ಸರಿಯಾಕತ್ತಿತ್ತು. ಮಧ್ಯಾಹ್ನ ನಿಲ್ಲಿಸೂಣು ಅಂದ ಪ್ರಭು. ಇನ್ನೊಂದು ಸಾಲು ಅಂದೆ. ಖರೇ ಹೇಳಬೇಕಂದ್ರ ಅಲ್ಲಿಂದ ಹೋಗೂ ಮನಸ್ಸಿರಲಿಲ್ಲ.

ಆಜಾನ್ ಆತು. ನಮಾಜ ಆತು. ಸುಮ್ಮನಾತು. ಶಾಲೆಯ ಅಡಗಿಮನಿ ಬಾಗಿಲದಾಗ ಮಲಿಕಾಬಿ ನಿಂತದ್ದು ಇಲ್ಲಿಂದ ಕಾಣ್ತಿತ್ತು, ಬಾಜುಕ್ಕ ಶಮೀಮ. ಇಬ್ಬರೂ ಮಸೂತಿ ಕಡೆ ಮುಖ ಮಾಡಿದ್ದರು. ಹೊಳೆಪ್ಪನವರು ಎತ್ತಿನ ಹಗ್ಗ ಹಿಡಕೊಂಡು ರಸ್ತಾದಾಗೇ ನಿಂತಿದ್ದರು.

ಏನೂ ಕೇಳಲಿಲ್ಲ. ಬರಲಿಲ್ಲ ಅಂವ, ಅಂದುಕೊಂಡೆ. ಹೆಗಲಿಗೆ ಪಟ್ಟಿ ಹಾಕಿಕೊಂಡು ಸಾಲು ಶುರು ಮಾಡಿದೆ. ಅರ್ಧ ಹೊಲ ದಾಟಿರಬೇಕು.

ಮೈಕು ಗುರ್ರ್ ಅಂತು. ಯಾರೋ ಕೆಮ್ಮಿದರು. ಮತ್ತ ಸುಮ್ಮನಾತು. ನಾ ನಿಂತೆ.

"ನಾ ಅಸ್ಲಂ. ಖಾಜಾಸಾಬನ ತಮ್ಮ. ಊರ ಮಂದಿ ಎಲ್ಲಾ ಕೇಳ್ರಿ. ಮಿರಜದಾಗ ನಾ ನಮ್ಮಣ್ಣನ್ನ ಕಂಡಿಲ್ಲ. ನಾ ಹೇಳಿದ್ದು ಸುಳ್ಳ, ಅಂವ ಓಡಿಹೋಗಿಲ್ಲ, ಮನಿಗೆ ಬರಾಕತ್ತಿದ್ದಾ."